ಆನ್‌ಲೈನ್‌ನಲ್ಲಿ ಕಡಿಮೆಗೆ ಸಿಗ್ತಿತ್ತಲ್ಲ?

ಸಿಗ್ತಿತ್ತು. ಆರು ನೂರು ರೂಪಾಯಿ ಕಡಿಮೆಗೆ ಸಿಗ್ತಿತ್ತು. ನನ್ನ ಹತ್ತಿರಾನೂ ಫೋನ್ ಇದೆ, ನಾನೂ ನೋಡಿದ್ದೆ.

ಕಲಬುರಗಿಯ ಅಂಗಡಿಯೊಂದರಲ್ಲಿ 4,200 ರೂಪಾಯಿ ಕೊಟ್ಟು ಹೊಸ ಯುಕುಲೇಲೆ, ಅಂದರೆ ಗಿಟಾರ್ ಥರದ ನಾಲ್ಕು ತಂತಿಯ ಪುಟ್ಟ ವಾದ್ಯ, ತಂದು ನಾಲ್ಕು ತಿಂಗಳಾಯ್ತು. ಮನೆಗೆ ಬಂದವರು ಮೊದಲು "ಇದು ಗಿಟಾರ್ ಮರಿ ಏನು?" ಅಂತಾರೆ. ಒಬ್ಬರಂತೂ "ಶರಣಬಸವೇಶ್ವರ ಜಾತ್ರ್ಯಾಗ ತೊಗೊಂಡಿರೇನು?" ಅಂದರು, ಪೀಪಿ, ಬಲೂನು ಮಾರುವ ಸಾಲಿನಲ್ಲಿ ಸಿಕ್ಕಿರಬೇಕು ಅನ್ನೋ ಹಾಗೆ. ಆಮೇಲೆ ರೇಟು. ಆಮೇಲೆ ಆ ಪ್ರಶ್ನೆ.

ಹೋದ ತಿಂಗಳು ಅಕ್ಕನ ಮನೆಯಲ್ಲಿ ಮೊಮ್ಮಗುವಿನ ತೊಟ್ಟಿಲು ಕಾರ್ಯ. ಊಟಕ್ಕೆ ಕೂತಾಗ ಮಾಮ, ಅಂದರೆ ಅಕ್ಕನ ಗಂಡ, ರೊಟ್ಟಿ ಮುರೀತಾ "ಎಷ್ಟಕ್ಕ ಬಿತ್ತವ್ವ ಅದು?" ಅಂದರು. ಹೇಳಿದೆ. ಶೇಂಗಾ ಹಿಂಡಿ ಹತ್ತಿದ ಬೆರಳಲ್ಲೇ ಫೋನ್ ತಿಕ್ಕಿ ತಿಕ್ಕಿ ಹುಡುಕಿ ನನ್ನ ಮೂಗಿನ ಹತ್ತಿರ ಹಿಡಿದರು. "ನೋಡು, 3,600. ಟೀಚರ್ ಇದ್ದಿ, ಲೆಕ್ಕ ಬರಂಗಿಲ್ಲೇನು?" ಪಂಕ್ತಿಗೆ ಪಂಕ್ತಿಯೇ ನಕ್ಕಿತು. ನಾನು ಕನ್ನಡ ಟೀಚರ್. ಅದನ್ನೂ ಹೇಳಲಿಲ್ಲ, ಸುಮ್ನೆ ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.

ಮಾಮಾ, ಆವತ್ತು ಹೇಳದೇ ಇದ್ದದ್ದು ಇದು. ಅದಕ್ಕೂ ಮೊದಲು ಆನ್‌ಲೈನ್‌ನಲ್ಲೇ ಒಂದು ತರಿಸಿದ್ದೆ. ತಂತಿ ಹಲಗೆಯಿಂದ ಎಷ್ಟು ಎತ್ತರ ಇತ್ತು ಅಂದರೆ ಒತ್ತಿ ಒತ್ತಿ ಬೆರಳ ತುದಿ ಗೀರು ಬಿದ್ದವು. ಒತ್ತಿದರೂ ಶ್ರುತಿ ಸರಿ ಇಲ್ಲ. ವಾಪಸ್ ಕಳಿಸೋದಕ್ಕೆ ಎರಡು ವಾರ ಹಿಡೀತು.

ಅಂಗಡಿಯ ಚಾಚಾಗೆ ಯುಕುಲೇಲೆ ಬಾರಿಸೋಕೆ ಬರಲ್ಲ. ಅವರು ಹಾರ್ಮೋನಿಯಂ ರಿಪೇರಿ ಮಾಡೋರು, ನಮ್ಮ ಕಡೆ ಪೇಟಿ ಅಂತೀವಲ್ಲ, ಅದು. ನಾಲ್ಕು ತಂತಿ ಮೀಟಿಸಿ ಕೇಳಿ, ಪೇಟಿಯ ಮೇಲೆ ಬೆರಳಾಡಿಸಿ, "ಬಿಳಿ ಐದು, ಬಿಳಿ ಒಂದು, ಬಿಳಿ ಮೂರು, ಬಿಳಿ ಆರು" ಅಂದರು, ಪೇಟಿಯ ಬಿಳಿ ಕೀಗಳ ಲೆಕ್ಕದಲ್ಲಿ. ಇಂಟರ್ನೆಟ್‌ನಲ್ಲಿ ಈ ಸ್ವರಗಳನ್ನೇ ಜಿ, ಸಿ, ಇ, ಎ ಅಂತ ತಿಂಗಳುಗಟ್ಟಲೆ ಓದಿದ್ದೆ, ತಲೆಗೆ ಹೋಗಿದ್ದು ಆವತ್ತು. ಬಿಳಿ ಒಂದನ್ನ ಸಾ ಹಿಡಿದರೆ ಪ, ಸಾ, ಗ, ಧ. ಮೇಲಿನ ಮೊದಲ ತಂತಿ ಗಿಟಾರ್ ಥರ ದಪ್ಪ ಇರಲ್ಲ, ಅದರ ಸ್ವರ ಪಕ್ಕದ ಎರಡು ತಂತಿಗಿಂತ ಮೇಲಿರುತ್ತೆ. (ಗಿಟಾರ್ ಕಲಿಯುವ ನನ್ನ ತಮ್ಮನ ಮಗ "ಅತ್ತಿ, ತಂತಿ ಉಲ್ಟಾ ಹಾಕಿ ಕೊಟ್ಟಾರ" ಅಂದ. ಅವನಿಗೂ ಇದೇ ಉತ್ತರ.)

ತಂತಿಯನ್ನ ಹನ್ನೆರಡನೇ ಫ್ರೆಟ್‌ನಲ್ಲಿ (ಹಲಗೆ ಮೇಲಿನ ಅಡ್ಡ ಪಟ್ಟಿ) ಒತ್ತಿದರೆ ಅದೇ ಸ್ವರ ಒಂದು ಸಪ್ತಕ ಮೇಲೆ ಬರಬೇಕು. ಚಾಚಾ ಮೇಲಿನ ಸಪ್ತಕದ ಬಿಳಿ ಒಂದು ಒತ್ತಿ ಹಿಡಿದರು, ನಾನು ಮೀಟಿದೆ. ಅಂಗಡಿಯಲ್ಲಿದ್ದ ಮೊದಲನೇ ಯುಕುಲೇಲೆಯಲ್ಲಿ ಎರಡು ಧ್ವನಿ ಕೂಡದೆ ಉಂಯ್ ಉಂಯ್ ಅಂತ ಅಲೆ ಎದ್ದವು. ಎರಡನೇದೂ ಹಾಗೇ. ಮೂರನೇದರಲ್ಲಿ ಪೇಟಿ ಯಾವುದು ತಂತಿ ಯಾವುದು ಗೊತ್ತಾಗಲಿಲ್ಲ. ಅದನ್ನೇ ತಂದೆ. 23 ಇಂಚಿನದು, ಕನ್ಸರ್ಟ್ ಸೈಜು. 21 ಇಂಚಿನದರಲ್ಲಿ ನನ್ನ ಬೆರಳು ಹಿಡಿಯಲ್ಲ. ಪ್ಲೈವುಡ್ ಅಲ್ಲದ, ಇಡೀ ಮರದ ಹಲಗೆಯದು ಕೇಳಿದ್ದಕ್ಕೆ "ಇಲ್ಲಿ ಬಿಸಲಿಗಿ ಪೇಟಿ ಹಲಗಿನೇ ಸೀಳ್ತದ, ಪ್ಲೈದೇ ಒಯ್ರಿ" ಅಂದರು, ಜಾಸ್ತಿ ರೇಟಿನದು ಮಾರೋದು ಬಿಟ್ಟು. ಹೊಸ ನೈಲಾನ್ ತಂತಿಯ ಶ್ರುತಿ ಎಂಟು ದಿನ ಇಳೀತಾ ಇರುತ್ತೆ, ದಿನಾ ಏರಿಸಿ ಅಂತಾನೂ ಹೇಳಿದರು. ಆರು ನೂರು ರೂಪಾಯಿ ಅದಕ್ಕೆ ಮಾಮಾ. ಕಿವಿಗೆ.

ಇನ್ನು "ಫಾರಿನ್ ಸಾಮಾನು ನಮಗ್ಯಾಕ" ಅನ್ನೋರು. 1879ರಲ್ಲಿ ಪೋರ್ಚುಗಲ್ಲಿನ ಮಡೈರಾ ದ್ವೀಪದಿಂದ ಹವಾಯಿಗೆ ಕಬ್ಬಿನ ತೋಟದ ಕೂಲಿಗೆ ಹೋದವರ ಜೊತೆ ಹೋದ ಪುಟ್ಟ ವಾದ್ಯವೇ ಅಲ್ಲಿ ಯುಕುಲೇಲೆ ಆಯ್ತು. ಕಬ್ಬು ಕಡಿಯೋಕೆ ಗುಳೆ ಹೋಗೋದು ನಮ್ಮ ಜಿಲ್ಲೆಗೆ ಹೊಸದಾ? ಪೇಟಿಯೂ ಯುರೋಪಿಂದಾನೇ ಬಂದದ್ದು. ಅದನ್ನ ಭಜನೆಯಿಂದ ಎಬ್ಬಿಸಿ ನೋಡೋಣ.

ನಾಲ್ಕು ತಿಂಗಳಲ್ಲಿ ಏನು ಬಾರಿಸ್ತೀಯ ಅಂತ ಒಬ್ಬರೂ ಕೇಳಲಿಲ್ಲ. ಒಬ್ಬರೂ!

ತತ್ವಪದ ಬಾರಿಸ್ತೀನಿ. ಅಪ್ಪ ಅಮಾವಾಸ್ಯೆ ಭಜನೆಗೆ ಏಕತಾರಿ ಹಿಡಿದು ಹಾಡ್ತಿದ್ದರು. ಆ ಏಕತಾರಿಯ ಬುರುಡೆ ಒಡೆದು ಎಷ್ಟೋ ವರ್ಷ ಆಯ್ತು. ನಾನು ಮೊದಲು ಸಾ ತಂತಿ ಒಂದನ್ನೇ ಮೀಟ್ತಾ ಕೂರ್ತೀನಿ, ಪದ ಹಾದಿಗೆ ಬಿದ್ದ ಮೇಲೆ ಉಳಿದ ತಂತಿ. ತೊಡಕು ಏನಂದ್ರೆ ಅಪ್ಪ ಹಾಡುವಾಗ ಪೇಟಿಯವರು ಹಿಡೀತಿದ್ದದ್ದು ಕರಿ ಒಂದು, ಇದು ಬಿಳಿ ಒಂದು. ಅರ್ಧ ಸ್ವರದ ವ್ಯತ್ಯಾಸಕ್ಕೇ ಆ ಪದ ಬೇರೆ ಯಾರದ್ದೋ ಮನೆಯದು ಅನ್ನಿಸ್ತಿತ್ತು. ಅದಕ್ಕೆ ನಾಲ್ಕೂ ತಂತಿ ಅರ್ಧ ಸ್ವರ ಏರಿಸಿ ಇಟ್ಟಿದ್ದೀನಿ. ತಂತಿ ಹರಿಯಲ್ವಾ ಅಂತ ಬೇಕಾದರೆ ಕೇಳಿ. ಇನ್ನೂ ಹರಿದಿಲ್ಲ.