ಬಾದಾಮಿಯ ಬಂಡೆ, ಮಾವನ ಕೊಟ್ಟಿಗೆ

ಬಾದಾಮಿ ಎಂದರೆ ನಮ್ಮ ಜಿಲ್ಲೆಯವರಿಗೆ ಬನಶಂಕರಿ ಜಾತ್ರೆ, ಮೇಣಬಸದಿ, ಅಗಸ್ತ್ಯ ತೀರ್ಥ, ಕೈಯಲ್ಲಿದ್ದ ಚೀಲವನ್ನೇ ಕಸಿಯುವ ಕೋತಿಗಳು. ಅಲ್ಲಿನ ಕೆಂಪು ಮರಳುಗಲ್ಲಿನ ಗೋಡೆಗಳನ್ನು ಹತ್ತಲೆಂದೇ ದೇಶ ವಿದೇಶಗಳಿಂದ ಜನ ಬರುತ್ತಾರೆ ಎಂಬುದು ಪಕ್ಕದಲ್ಲೇ ಬೆಳೆದ ನನ್ನ ತಲೆಗೆ ಹೋದದ್ದು ಬಹಳ ತಡವಾಗಿ. ಕಳೆದ ಚಳಿಗಾಲದಲ್ಲಿ ಅಕ್ಕನ ಮಗಳು ಶಿಲಾರೋಹಣದ ಶಿಬಿರಕ್ಕೆ ಹೆಸರು ಕೊಟ್ಟಳು. ಜೊತೆಗೆ ಮನೆಯ ದೊಡ್ಡವರೊಬ್ಬರು ಇರಬೇಕಿತ್ತು, ಬಿಡುವಿದ್ದವನು ನಾನೊಬ್ಬನೇ.

ಬಂಡೆ ಮುಟ್ಟುವ ಮೊದಲು ಮಧ್ಯಾಹ್ನದವರೆಗೂ ಗಂಟು ಕಲಿಯಬೇಕು ಎಂದಾಗ ಮಕ್ಕಳ ಮುಖ ಬಾಡಿತು. ನನಗೋ, ಬಂದದ್ದೇ ಸಾರ್ಥಕ ಎನಿಸಿತು. ಬಂಡೆಯ ನೆರಳಲ್ಲಿ ಟಾರ್ಪಾಲಿನ್ ಹಾಸಿ, ಒಬ್ಬೊಬ್ಬರಿಗೂ ಒಂದು ತುಂಡು ಹಗ್ಗ ಕೊಟ್ಟರು. ಹಗ್ಗವನ್ನು ನೆಲಕ್ಕೆ ಹಾಕುವಂತಿಲ್ಲ, ತುಳಿಯುವಂತಂತೂ ಇಲ್ಲವೇ ಇಲ್ಲ. ಬಾದಾಮಿಯ ಕಲ್ಲು ಉದುರಿಸುವ ಮರಳು ನೂಲಿನೊಳಗೆ ಸೇರಿಕೊಂಡರೆ ಒಳಗಿನಿಂದಲೇ ಅರೆಯುತ್ತಾ ಹೋಗುತ್ತದೆ, ಹೊರಗೆ ಏನೂ ಕಾಣುವುದಿಲ್ಲ.

ಮೊದಲನೆಯದು ಎಂಟರ ಗಂಟು. ಕನ್ನಡದ ೮ ಅಲ್ಲ, ಇಂಗ್ಲಿಷಿನ 8. ಹಗ್ಗದ ತುದಿಯಿಂದ ಒಂದು ತೋಳಿನಷ್ಟು ಒಳಗೆ ಈ ಎಂಟನ್ನು ಹಾಕಿಕೊಂಡು, ತುದಿಯನ್ನು ಸೊಂಟಪಟ್ಟಿಯ ಎರಡು ಕುಣಿಕೆಗಳಲ್ಲಿ ಪೋಣಿಸಿ, ಬಂದ ದಾರಿಯಲ್ಲೇ ಮರಳಿ ಹೊರಡಿಸಬೇಕು. ಹಗ್ಗ ತನ್ನದೇ ಹೆಜ್ಜೆಯ ಮೇಲೆ ಹೆಜ್ಜೆ ಇಡುತ್ತದೆ. ಮುಗಿದಾಗ ಎಲ್ಲಿ ನೋಡಿದರೂ ಎಳೆಗಳು ಜೋಡಿಜೋಡಿಯಾಗಿ, ಒಂದರ ಮೇಲೊಂದು ಹತ್ತದೆ ಮಲಗಿರಬೇಕು. ಐದು ಜೋಡಿ ಎಣಿಸಬೇಕು. ಉಳಿದ ಬಾಲ ಹಗ್ಗದ ದಪ್ಪದ ಹತ್ತು ಪಟ್ಟಾದರೂ ಇರಬೇಕು, ಅಂದರೆ 10 ಮಿಲಿಮೀಟರ್ ಹಗ್ಗಕ್ಕೆ 10 ಸೆಂಟಿಮೀಟರ್. ಅಕ್ಕನ ಮಗಳ ಗಂಟಿನಲ್ಲಿ ಒಂದು ಎಳೆ ಇನ್ನೊಂದರ ಮೇಲೆ ಹಾಯ್ದಿತ್ತು. ಬಿಗಿಯಾಗಿಯೇ ಇದೆಯಲ್ಲ ಎಂದು ಅವಳು ವಾದಿಸಿದಳು. ತರಬೇತುದಾರ ಮಾತನಾಡದೆ ಬಿಚ್ಚಿ ಕೈಗಿತ್ತ.

ಎರಡನೆಯದು ಬೋಲೈನ್. ಅದನ್ನು ನೋಡುತ್ತಲೇ ನನಗೆ ಮಾವನ ಕೊಟ್ಟಿಗೆ ನೆನಪಾಯಿತು. ಕರುವಿನ ಕೊರಳಿಗೆ ಹಾಕುವ ಕಣ್ಣಿಗೆ ಮಾವ ಎಂದೂ ಜೀರುಗಂಟು ಹಾಕುವುದಿಲ್ಲ. ಕರು ಜಗ್ಗಿದಷ್ಟೂ ಅದು ಬಿಗಿದು ಉಸಿರು ಕಟ್ಟಿಸುತ್ತದೆ. ಅವರು ಹಾಕುವ ಕುಣಿಕೆ ಎಷ್ಟು ಎಳೆದರೂ ಇದ್ದಷ್ಟೇ ಇರುತ್ತದೆ. ಬೋಲೈನ್ ಮಾಡುವುದೂ ಅದನ್ನೇ. ಎಷ್ಟೇ ಭಾರ ಬಿದ್ದಿದ್ದರೂ ಆಮೇಲೆ ಸಲೀಸಾಗಿ ಬಿಚ್ಚಿಕೊಳ್ಳುತ್ತದೆ, ಎಂಟರ ಗಂಟಿನ ಹಾಗೆ ಉಗುರು ಕೀಳಿಸುವುದಿಲ್ಲ. ಹಾಗಿದ್ದ ಮೇಲೆ ಸೊಂಟಕ್ಕೆ ಇದನ್ನೇ ಏಕೆ ಕಟ್ಟಬಾರದು ಎಂದು ಕೇಳಿದೆ.

ಆ ದಿನದ ಒಳ್ಳೆಯ ಮಾತು ಬಂದದ್ದು ಆಗಲೇ. ಬೋಲೈನ್ ಮೇಲೆ ಭಾರವಿಲ್ಲದೆ ಹಗ್ಗ ಅಲುಗಾಡುತ್ತಿದ್ದರೆ, ಅದರಲ್ಲೂ ಹೊಸ ಬಿರುಸು ಹಗ್ಗವಾದರೆ, ಅದು ಮೆಲ್ಲನೆ ಸಡಿಲಗೊಳ್ಳಬಹುದು. ಅದಕ್ಕಿಂತ ಮುಖ್ಯವಾಗಿ, ತಪ್ಪಾಗಿ ಹಾಕಿದ ಬೋಲೈನ್ ಸರಿಯಾದುದರಂತೆಯೇ ಕಾಣಬಹುದು. ಎಂಟರ ಗಂಟು ತಪ್ಪಿದ್ದರೆ ಎದುರಿಗಿದ್ದವನಿಗೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಬಂಡೆ ಹತ್ತುವವನ ಗಂಟನ್ನು ಕೆಳಗೆ ಹಗ್ಗ ಹಿಡಿದವನು ನೋಡಿಯೇ ಕಳುಹಿಸಬೇಕು. ಗಂಟಿನ ಬಲವನ್ನಷ್ಟೇ ಅಲ್ಲ, ಇನ್ನೊಬ್ಬರ ಕಣ್ಣಿಗೆ ಅದು ಎಷ್ಟು ಸುಲಭ ಎಂಬುದನ್ನೂ ಲೆಕ್ಕ ಹಾಕಿ ಆರಿಸಿದ್ದಾರೆ ಎಂಬುದು ನನಗೆ ಬಹಳ ಹಿಡಿಸಿತು.

ಮೂರನೆಯ ಗಂಟು ಕ್ಲೋವ್ ಹಿಚ್ ಕಲಿಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಚಪ್ಪರದ ಗಳಕ್ಕೆ ಹಗ್ಗ ಸುತ್ತಿದವರಿಗೆಲ್ಲ ಅದು ಬೇರೆ ಹೆಸರಲ್ಲಿ ಬರುತ್ತದೆ.

ಮಕ್ಕಳನ್ನು ಬೆರಗುಗೊಳಿಸಿದ್ದು ಪ್ರೂಸಿಕ್. ಆಸ್ಟ್ರಿಯಾದ ಪರ್ವತಾರೋಹಿ ಕಾರ್ಲ್ ಪ್ರೂಸಿಕ್ 1931ರಲ್ಲಿ ಇದನ್ನು ಬರೆದು ತೋರಿಸಿದ್ದರಿಂದ ಆ ಹೆಸರು. 6 ಮಿಲಿಮೀಟರ್ ದಾರದ ಒಂದು ಬಳೆಯನ್ನು ದಪ್ಪ ಹಗ್ಗದ ಸುತ್ತ ತನ್ನೊಳಗೇ ಮೂರು ಬಾರಿ ಹಾಯಿಸಿದರೆ ಮುಗಿಯಿತು. ಭಾರ ಹಾಕಿದರೆ ಕಚ್ಚಿ ನಿಲ್ಲುತ್ತದೆ, ಭಾರ ತೆಗೆದು ಬೆರಳಲ್ಲಿ ನೂಕಿದರೆ ಸರಾಗವಾಗಿ ಜಾರುತ್ತದೆ. ಒಬ್ಬ ಹುಡುಗ ಅದಕ್ಕೆ ಜೋತುಬಿದ್ದು, ಇಳಿದು, ಮೇಲಕ್ಕೆ ಸರಿಸಿ ಮತ್ತೆ ಜೋತುಬಿದ್ದ. ಊಟಕ್ಕೆ ಕರೆದರೂ ಬಿಡಲಿಲ್ಲ.

ಮಧ್ಯಾಹ್ನ ಅವರೆಲ್ಲ ಬಂಡೆ ಹತ್ತಿದರು. ಅಕ್ಕನ ಮಗಳು ಮೂರಾಳೆತ್ತರದಿಂದ ನನ್ನತ್ತ ಕೈಬೀಸಿದಳು, ಬೈಸಿಕೊಂಡಳು.

ಮುಂದಿನ ವಾರ ಮಲಪ್ರಭೆಯ ದಂಡೆಯಲ್ಲಿರುವ ಮಾವನ ಊರಿಗೆ ಹೋದಾಗ ಹಗ್ಗ, ದಾರ ಎರಡೂ ಚೀಲದಲ್ಲಿದ್ದವು. ಎಂಟರ ಗಂಟನ್ನು ನೋಡಿ ಅವರು ತಲೆಯಾಡಿಸಿದರು. “ಎತ್ತು ಬೆದರಿ ಕಾಲು ಸಿಕ್ಕಿಸಿಕೊಂಡಾಗ ಇದನ್ನು ಬಿಚ್ಚುತ್ತಾ ಕೂರಲೇ?” ಎಂದು ಗೂಟಕ್ಕೆ ತಮ್ಮ ಗಂಟು ಹಾಕಿ ತೋರಿಸಿದರು. ಬಾಲವನ್ನು ಮಡಚಿ ತುರುಕಿರುತ್ತಾರೆ. ತುದಿ ಹಿಡಿದು ಒಮ್ಮೆ ಎಳೆದರೆ ಎತ್ತು ಬಿಡುಗಡೆ. ಪುಂಡಿ ನಾರಿನ ಹಗ್ಗಕ್ಕೆ ಕಚ್ಚುವ ಗುಣವಿತ್ತು, ಸಂತೆಯಲ್ಲಿ ಈಗ ಸಿಗುವ ನೈಲಾನು ನುಣುಪಾಗಿದ್ದು ಹಳೆಯ ಗಂಟುಗಳಲ್ಲಿ ಅರ್ಧಕ್ಕರ್ಧ ಜಾರುತ್ತವೆ ಎಂದು ಗೊಣಗಿದರು.

ಪ್ರೂಸಿಕ್ ಕಂಡಾಗ ಮಾತ್ರ ಗೊಣಗಾಟ ನಿಂತಿತು. ಕಣದ ಮೇಲೆ ಕಟ್ಟಿದ್ದ ತಾಡಪಾಲಿನ ಹಗ್ಗಕ್ಕೆ ಅದನ್ನು ಸುತ್ತಿದರು. ಮೂರು ಸುತ್ತಿಗೆ ಜಾರಿತು. ನಾನು ಹೇಳುವ ಮೊದಲೇ ಐದು ಸುತ್ತು ಹಾಕಿದರು, ನಿಂತಿತು. ಗಾಳಿಗೆ ತಾಡಪಾಲು ಸಡಿಲಾದರೆ ಗಂಟು ಬಿಚ್ಚಿ ಮರಳಿ ಕಟ್ಟುವ ಕೆಲಸವೇ ಇಲ್ಲ, ನೂಕಿದರೆ ಬಿಗಿ. ದಾರ ಅಲ್ಲೇ ಉಳಿಯಿತು. ಮೊನ್ನೆ ಫೋನ್ ಮಾಡಿ, ಉಳಿದ ಮೂಲೆಗಳಿಗೂ ತುಂಡುಗಳು ಬೇಕು ಎಂದರು. ಬಣ್ಣ ಯಾವುದಾದರೂ ಸರಿ, ದಪ್ಪ ಮಾತ್ರ ಮೊದಲಿನದಕ್ಕಿಂತ ಹೆಚ್ಚಿರಬಾರದಂತೆ.