ಕರ್ಕಸೋನ್: ತ್ರಾಂಕವೆಲ್ ಮನೆತನದ ಊರಲ್ಲಿ

ತುಲೂಸ್‌ನಿಂದ ರೈಲು ಹತ್ತಿದರೆ ಸುಮಾರು ಒಂದು ಗಂಟೆಯಲ್ಲಿ ದಕ್ಷಿಣ ಫ್ರಾನ್ಸಿನ ಕೋಟೆ ಊರು ಕರ್ಕಸೋನ್ ಸಿಗುತ್ತದೆ. ಸ್ಟೇಷನ್‌ನಿಂದ ನಡೆದೇ ಹೊರಟೆ. ಓಡ್ ನದಿಯ ಹಳೇ ಸೇತುವೆಗೆ ಬಂದರೆ ಎದುರಿನ ಗುಡ್ಡದ ಮೇಲೆ ಇಡೀ ಕೋಟೆ ಕಾಣುತ್ತದೆ. ಎರಡು ಸುತ್ತಿನ ಕೋಟೆ, 52 ಬುರುಜು.

ಆದರೆ ಹೊರಸುತ್ತನ್ನು ಕಟ್ಟಿಸಿದ್ದು ಊರನ್ನು ವಶಪಡಿಸಿಕೊಂಡ ಫ್ರಾನ್ಸಿನ ರಾಜರು. ಬುರುಜುಗಳ ಚೂಪು ಮಾಡುಗಳು 19ನೇ ಶತಮಾನದ ದುರಸ್ತಿಯವು. ಅದಕ್ಕೂ ಮೊದಲು ಈ ಊರನ್ನು ಆಳಿ ಸೋತುಹೋದ ತ್ರಾಂಕವೆಲ್‌ಗಳನ್ನು ನೋಡಬೇಕಾದರೆ ಒಳಗಿನ ಶಾತೊ ಕೊಂತಾಲ್‌ಗೆ ಹೋಗಬೇಕು. ಊರೊಳಗೆ ಓಡಾಡಲು ದುಡ್ಡಿಲ್ಲ, ಇದಕ್ಕೆ ಮಾತ್ರ ಟಿಕೆಟ್. ಖಂಡಿತ ತಗೊಳ್ಳಿ. 12ನೇ ಶತಮಾನದಲ್ಲಿ ಆ ಮನೆತನ ಕಟ್ಟಿಸಿದ ಅರಮನೆ ಇದು.

ಅಂಗಳದಲ್ಲಿ ನಿಂತಾಗ ನನಗೆ ನೆನಪಾದದ್ದು ರೇಮೊಂ ರೋಜೆ ತ್ರಾಂಕವೆಲ್. 1209ರಲ್ಲಿ ಅವನಿಗೆ 24 ವರ್ಷ. ಅವನ ಸೀಮೆಯಲ್ಲಿ ಕಥಾರ್ ಪಂಥದವರು ಜಾಸ್ತಿ ಇದ್ದರು, ಕ್ಯಾಥೊಲಿಕ್ ಚರ್ಚು ಧರ್ಮದ್ರೋಹಿಗಳು ಅಂದ ಕ್ರೈಸ್ತರು ಇವರು. ಅವನು ಅವರನ್ನು ಹಿಡಿದು ಕೊಡಲಿಲ್ಲ, ಅಷ್ಟೇ. ಪೋಪ್ ಕರೆಕೊಟ್ಟ ದಂಡು ಬರುತ್ತಿದೆ ಅಂತ ತಿಳಿದಾಗ ಶರಣಾಗುತ್ತೇನೆಂದು ಪೋಪ್‌ನ ಪ್ರತಿನಿಧಿಯ ಬಳಿ ಹೋದ. ಆತ ಕೇಳಲಿಲ್ಲ. ಜುಲೈ 22ರಂದು ಅವನದೇ ಸೀಮೆಯ ಬೆಜಿಯೇ ಊರು ಬಿತ್ತು. ಕಥಾರ್ ಯಾರು, ಕ್ಯಾಥೊಲಿಕ್ ಯಾರು ಅಂತ ಯಾರೂ ನೋಡಲಿಲ್ಲ. ಚರ್ಚಿಗೆ ಓಡಿ ಅಡಗಿದವರನ್ನೂ ಬಿಡಲಿಲ್ಲ.

ಆಗಸ್ಟ್‌ನಲ್ಲಿ ದಂಡು ಇಲ್ಲಿಗೆ ಬಂತು. ನದಿಯ ದಾರಿ ಮುಚ್ಚಿತು. ಸುತ್ತಲ ಹಳ್ಳಿಗಳ ಜನರೆಲ್ಲ ಒಳಗೆ ಸೇರಿದ್ದರು, ಬಿಸಿಲಿಗೆ ಬಾವಿಗಳು ಬತ್ತಿದವು. ರಾಜಿಗೆಂದು ಅರಗಾನ್ ರಾಜ ಬಂದ. ನೀನು 11 ಜನರ ಜೊತೆ ಹೊರಗೆ ಹೋಗಬಹುದು, ಉಳಿದವರು ನಮ್ಮ ಕೈಗೆ ಅನ್ನುವುದು ಹೊರಗಿನವರ ಷರತ್ತು. ರೇಮೊಂ ರೋಜೆ ಒಪ್ಪಲಿಲ್ಲ. 24ರ ಹುಡುಗ, ಹೆಂಡತಿ ಇದ್ದಾಳೆ, ಎರಡು ವರ್ಷದ ಮಗ ಇದ್ದಾನೆ, ಆದರೂ ಒಪ್ಪಲಿಲ್ಲ. ನನಗೆ ಈ ಮನೆತನದ ಮೇಲೆ ಇಷ್ಟು ಗೌರವ ಹುಟ್ಟಿದ್ದೇ ಈ ಒಂದು ಮಾತಿಗೆ.

ಕೊನೆಗೆ ಮಾತುಕತೆಗೆಂದು ಅವರ ಬಿಡಾರಕ್ಕೆ ಹೋದವನನ್ನು ಹಿಡಿದಿಟ್ಟುಕೊಂಡರು. ಜನ ಉಟ್ಟ ಒಳಬಟ್ಟೆಯಲ್ಲೇ ಊರು ಬಿಟ್ಟರು. ಜೀವವಾದರೂ ಉಳಿಯಿತು. ಅವನು ನವೆಂಬರ್‌ನಲ್ಲಿ ತನ್ನದೇ ಊರಿನ ಸೆರೆಯಲ್ಲಿ ಸತ್ತ. ಆಮಶಂಕೆ ಅಂದರು. ಕೊಂದಿದ್ದಾರೆ ಅಂತ ಜನ ಆಗಲೇ ಆಡಿಕೊಂಡರು. ಅವನ ಸೀಮೆ ಆ ದಂಡಿನ ನಾಯಕನಾದ ಸಿಮೋನ್ ದ ಮಾಂಟ್‌ಫೋರ್ಟ್ ಪಾಲಾಯಿತು.

ಹತ್ತಿರದ ಸೇಂಟ್ ನಜೇರ್ ಚರ್ಚಿಗೂ ಹೋದೆ. ಅಲ್ಲಿ ಮುತ್ತಿಗೆಯ ಚಿತ್ರ ಕೆತ್ತಿದ ಕಲ್ಲೊಂದಿದೆ. 1218ರ ತುಲೂಸ್ ಮುತ್ತಿಗೆ ಇರಬಹುದು ಅನ್ನುತ್ತಾರೆ. ಆ ಮುತ್ತಿಗೆಯಲ್ಲೇ ಕಲ್ಲೇಟಿಗೆ ಸಿಮೋನ್ ಸತ್ತಿದ್ದು. ಗಾಜಿನ ಕಿಟಕಿಗಳು ತುಂಬಾ ಚೆನ್ನಾಗಿವೆ.

ಆ ಎರಡು ವರ್ಷದ ಮಗ ದೊಡ್ಡವನಾಗಿ 1240ರಲ್ಲಿ ಅಷ್ಟರಲ್ಲಿ ಫ್ರಾನ್ಸಿನ ರಾಜನ ಕೈ ಸೇರಿದ್ದ ತನ್ನ ಊರಿಗೆ ತಾನೇ ಮುತ್ತಿಗೆ ಹಾಕಿದ. ಗೋಡೆಯ ಹೊರಗಿನ ಪೇಟೆಯವರು ಅವನ ಪರ ನಿಂತರು. ಗೆಲ್ಲಲಿಲ್ಲ. 1247ರಲ್ಲಿ ರಾಜ 9ನೇ ಲೂಯಿಗೆ ಹಕ್ಕನ್ನೆಲ್ಲ ಬಿಟ್ಟುಕೊಟ್ಟ. ಅವನಿಗೆ ನೆರವಾದ ಪೇಟೆಯ ಮನೆಗಳನ್ನು ಕೆಡವಿ ಹಾಕಿದ್ದರು. ಆ ಜನರಿಗೆ ಆಮೇಲೆ ನದಿಯ ಆಚೆ ದಡದಲ್ಲಿ ಜಾಗ ಸಿಕ್ಕಿತು. ರೈಲ್ವೆ ಸ್ಟೇಷನ್ ಪಕ್ಕದ ನೇರ ಬೀದಿಗಳ ಕೆಳಪೇಟೆ ಅದೇ. ಊಟಕ್ಕೆ ಅಲ್ಲಿಗೇ ಹೋಗಿ, ಕೋಟೆಯೊಳಗೆ ನೂಕುನುಗ್ಗಲು.