ಐದು ವರ್ಷದ ಕಬ್ಬು, ಒಂದು ವರ್ಷದ ಫೀಸು

ಹೋದ ಭಾನುವಾರ ಪಾಂಡವಪುರದ ಹತ್ತಿರ ಇರುವ ನಮ್ಮೂರಿಗೆ ಹೋಗಿದ್ದೆ. ಮಧ್ಯಾಹ್ನ ಮುದ್ದೆ ಉಂಡು ಜಗಲಿ ಮೇಲೆ ಕೂತಿದ್ದಾಗ ತಂಗಿ ಜರ್ಮನಿಯ ಸ್ಟುಟ್‌ಗಾರ್ಟ್‌ನಿಂದ ವಿಡಿಯೋ ಕಾಲ್ ಮಾಡಿದಳು. ಭಾವನಿಗೆ ಕಂಪನಿಯವರು ಮೂರು ವರ್ಷ ಸಿಂಗಾಪುರಕ್ಕೆ ಹೋಗು ಅಂದಿದ್ದಾರಂತೆ.

"ಹತ್ರ ಬಂದಂಗಾಯ್ತು ಬುಡವ್ವ" ಅಂದರು ಅಪ್ಪ. ಅವ್ವ ಆಗಲೇ ಹಪ್ಪಳ, ಚಟ್ನಿಪುಡಿ ಲೆಕ್ಕ ಹಾಕುತ್ತಿದ್ದಳು.

ಆದರೆ ತಂಗಿಯ ಮುಖ ಸಪ್ಪಗಿತ್ತು. ಮಗಳು ಅಲ್ಲಿ ಒಂದನೇ ಕ್ಲಾಸು. ಶಾಲೆಗೆ ಸೇರಿದ ದಿನ ತನ್ನಷ್ಟೇ ಎತ್ತರದ ಕಾಗದದ ಪೊಟ್ಟಣ ಹಿಡಿದು ನಿಂತ ಫೋಟೋ ಬಂದಿತ್ತು. ಒಳಗೆ ಮಿಠಾಯಿ, ಪೆನ್ಸಿಲ್ಲು. ಅಲ್ಲಿನ ರೂಢಿಯಂತೆ. ನಮ್ಮವ್ವ ಅದನ್ನು ಜಾತ್ರೆಯ ಕಡ್ಲೆಪುರಿ ಪೊಟ್ಟಣ ಅಂದುಕೊಂಡಿದ್ದಳು! ಅದು ಸರ್ಕಾರಿ ಶಾಲೆ. ಫೀಸೇ ಇಲ್ಲ.

ಈಗ ಸಿಂಗಾಪುರದಲ್ಲೂ ಜರ್ಮನ್ ಪಾಠಕ್ರಮದ ಶಾಲೆಗೇ ಹಾಕಬೇಕು ಅಂತ ಅವಳ ಆಸೆ. ಫೀಸು, ವಾಪಸ್ ಬರದ ಅಡ್ಮಿಶನ್ ದುಡ್ಡು, ಬಸ್ಸು ಎಲ್ಲ ಸೇರಿದರೆ ಮೊದಲ ವರ್ಷಕ್ಕೇ 20 ಲಕ್ಷ ರೂಪಾಯಿ ದಾಟುತ್ತದೆ ಅಂದಳು.

ಅಪ್ಪ ಸುಮ್ಮನಾದರು. ಆಮೇಲೆ ನನ್ನ ಕಡೆ ತಿರುಗಿ, "ಲೋ, ಫೋನಲ್ಲಿ ಲೆಕ್ಕ ಹಾಕೋ" ಅಂದರು. ಅವರಿಗೆ ದೊಡ್ಡ ಮೊತ್ತ ಯಾವುದೇ ಇರಲಿ, ಕಬ್ಬಿಗೆ ಇಳಿಸಿದರೇನೇ ಅರ್ಥ ಆಗುವುದು. 2024-25ರ ಹಂಗಾಮಿಗೆ ಕೇಂದ್ರ ಸರ್ಕಾರ ಇಟ್ಟ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ಕಬ್ಬಿಗೆ ಕೊಡಲೇಬೇಕಾದ ಕನಿಷ್ಠ ದರ, ಟನ್ನಿಗೆ 3,400 ರೂಪಾಯಿ. ಅದೂ ಸಕ್ಕರೆ ಇಳುವರಿ ಶೇಕಡಾ 10.25 ಇದ್ದರೆ. ಆ ದರದಲ್ಲೇ 20 ಲಕ್ಷಕ್ಕೆ 588 ಟನ್ ಬೇಕು. ನಮ್ಮದು ಮೂರು ಎಕರೆ. ನಾಲೆ ನೀರು ಸರಿಯಾಗಿ ಬಂದು ಎಕರೆಗೆ 40 ಟನ್ ಆದರೂ ಐದು ವರ್ಷದ ಬೆಳೆ. ಕಟಾವು, ಸಾಗಾಣಿಕೆ, ಗೊಬ್ಬರ ಕಳೆದಿಲ್ಲ ಇನ್ನೂ.

"ಅಲ್ಲಿ ಪುಕ್ಕಟೆ ಕೊಡೋದನ್ನ ಸಿಂಗಾಪುರದಲ್ಲಿ 20 ಲಕ್ಷಕ್ಕೆ ಮಾರ್ತಾರಾ?" ಅಂತ ಅಪ್ಪ ಕೇಳಿದರು.

ತಂಗಿ ವಿವರಿಸಿದಳು. ಜರ್ಮನ್ ಸರ್ಕಾರ ಹೊರದೇಶದ ಇಂಥ ಶಾಲೆಗಳಿಗೆ ಮೇಷ್ಟ್ರುಗಳನ್ನು ಕಳಿಸುತ್ತದೆ, ಒಂದಿಷ್ಟು ದುಡ್ಡೂ ಕೊಡುತ್ತದೆ. ಆದರೆ ಹೆಚ್ಚಿನವನ್ನು ನಡೆಸುವುದು ಖಾಸಗಿ ಸಂಘಗಳು. ಉಳಿದ ಖರ್ಚು ಬೀಳುವುದು ಅಪ್ಪ ಅಮ್ಮನ ತಲೆ ಮೇಲೆ. ಎಷ್ಟೋ ಮನೆಗಳಿಗೆ ಕಂಪನಿಯೇ ಕಟ್ಟುತ್ತದೆ. ಭಾವನಿಗೆ ಆ ಭಾಗ್ಯ ಇಲ್ಲ. ಅವನನ್ನು ಅಲ್ಲಿನ ಲೋಕಲ್ ಕಾಂಟ್ರಾಕ್ಟ್ ಮೇಲೆ ತೆಗೆದುಕೊಳ್ಳುತ್ತಿದ್ದಾರೆ.

"ಬೇರೆ ಇಂಗ್ಲಿಷ್ ಸ್ಕೂಲಿಗೆ ಹಾಕಿದ್ರಾಯ್ತಲ್ವಾ?" ಅಂದೆ ನಾನು.

"ನಾಲ್ಕನೇ ಕ್ಲಾಸಿದೆಯಲ್ಲ ಅಣ್ಣ" ಅಂದಳು. ಅವರಿರುವ ರಾಜ್ಯದಲ್ಲಿ ನಾಲ್ಕನೇ ಕ್ಲಾಸು ಮುಗಿಯುತ್ತಿದ್ದಂತೆ ಮಕ್ಕಳು ಬೇರೆ ಬೇರೆ ಶಾಲೆಗೆ ಹಂಚಿಹೋಗುತ್ತಾರೆ. ಯೂನಿವರ್ಸಿಟಿಗೆ ನೇರ ದಾರಿ ಅಂದರೆ ಗಿಮ್ನಾಸಿಯಂ ಅನ್ನುವ ಶಾಲೆ. ಯಾವ ಮಗು ಎಲ್ಲಿಗೆ ಅಂತ ಶಾಲೆಯವರು ಶಿಫಾರಸು ಬರೆಯುತ್ತಾರೆ. ಇವರು ವಾಪಸ್ ಹೋಗುವುದು ಸರಿಯಾಗಿ ಆ ಹೊತ್ತಿಗೇ. ಅಷ್ಟರಲ್ಲಿ ಹುಡುಗಿಯ ಜರ್ಮನ್ ಬರವಣಿಗೆ ಹಿಂದೆ ಬಿದ್ದಿದ್ದರೆ?

"ಹತ್ತು ವರ್ಷದ ಕೂಸ್ನ ಬೆಲ್ಲದಂಗೆ ಗ್ರೇಡ್ ಮಾಡ್ತಾರಾ?" ಅಂತ ಅಪ್ಪ ಗೊಣಗಿದರು. ನನಗೆ ನಗು ಬಂತು. ಅವಳಿಗೆ ಬರಲಿಲ್ಲ.

ಕಾಲ್ ಮುಗಿಯಿತು. ಅಪ್ಪ ಗದ್ದೆ ಕಡೆ ಹೋದರು. ಸಂಜೆ ಬಂದು ಕಾಲು ತೊಳೆಯುತ್ತಾ ಕೇಳಿದರು: "ಮೂರು ವರ್ಷ ಆದ್ಮೇಲೆ ಜರ್ಮನಿಗೆ ವಾಪಸ್ ಕರೀತೀವಿ ಅಂತ ಕಂಪನಿಯೋರು ಬರೆದು ಕೊಟ್ಟವ್ರಾ?"

ನಮಗ್ಯಾರಿಗೂ ಅದು ಹೊಳೆದೇ ಇರಲಿಲ್ಲ. ತಂಗಿಗೆ ಮೆಸೇಜ್ ಹಾಕಿದೆ. ಮೈಸೂರು ಬಸ್ಸು ಶ್ರೀರಂಗಪಟ್ಟಣ ದಾಟುವ ಹೊತ್ತಿಗೆ ಉತ್ತರ ಬಂತು.

"ಇಲ್ಲ ಅಣ್ಣ. ಬಾಯಿಮಾತು."